ಮುಟ್ಟು ನಿಲ್ಲುವ ಕಾಲ: ದೇಹದ ಲಕ್ಷಣ, ಧರ್ಮದ ಗೆರೆ

ಮುಟ್ಟು ಒಂದೇ ದಿನದಲ್ಲಿ ನಿಂತುಹೋಗುವುದಿಲ್ಲ. ಕೊನೆಯ ಮುಟ್ಟು ಯಾವುದೆಂದು ಗೊತ್ತಾಗುವುದೇ ಅದು ಕಳೆದು ಹನ್ನೆರಡು ತಿಂಗಳಾದ ಮೇಲೆ. ಅಷ್ಟು ಕಾಲ ಮತ್ತೆ ಮುಟ್ಟಾಗದಿದ್ದರೆ ಮಾತ್ರ ವೈದ್ಯರು ಅದನ್ನು ಋತುಬಂಧ ಎನ್ನುತ್ತಾರೆ. ಹೆಚ್ಚಿನವರಿಗೆ ಇದು 45ರಿಂದ 55ರ ನಡುವೆ ಬರುತ್ತದೆ. ಭಾರತದ ಹೆಂಗಸರಲ್ಲಿ ಸರಾಸರಿ 46–47ರ ಹೊತ್ತಿಗೆ. 40ಕ್ಕೂ ಮೊದಲೇ ನಿಂತರೆ ಅದು ಅಕಾಲದ್ದು, ಕಾರಣ ಹುಡುಕಲೇಬೇಕು. ಪೂರ್ತಿ ನಿಲ್ಲುವುದಕ್ಕೆ ಮುಂಚಿನ ನಾಲ್ಕೈದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು, ಒಂದು ಸಂಧಿಕಾಲ. ಈ ಅವಧಿಯಲ್ಲಿ ಹೆಂಗಸನ್ನು ಮುಟ್ಟಾಗುವವಳೆಂದೂ ಖಚಿತವಾಗಿ ಹೇಳಲಾಗದು, ಮುಟ್ಟು ನಿಂತವಳೆಂದೂ ಹೇಳಲಾಗದು.

ಧರ್ಮದ ಕಟ್ಟಳೆಗಳಿಗೆ ಮಾತ್ರ ಈ ನಡುವಿನ ಸ್ಥಿತಿ ಅಷ್ಟಾಗಿ ಪರಿಚಯವಿಲ್ಲ. ಹೊರಗೆ ಕೂರುವ ದಿನ, ಒಳಗೆ ಬರುವ ದಿನ. ಶಬರಿಮಲೆಯಂಥ ಬೆಟ್ಟ ಹತ್ತಬಾರದ ವಯಸ್ಸು, ಹತ್ತಬಹುದಾದ ವಯಸ್ಸು ಎಂದು ಅವು ಗೆರೆ ಎಳೆಯುತ್ತವೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎನ್ನುವಲ್ಲಿ ಹಳೆಯದೊಂದು ಪ್ರಶ್ನೆ ಇದೆ: ನಿಷೇಧ ಇರುವುದು ರಕ್ತಕ್ಕೋ, ವಯಸ್ಸಿಗೋ, ಹೆರುವ ಶಕ್ತಿಗೋ? ಕಡಬ ತಾಲೂಕಿನ ಕೋಡಿಂಬಾಳದಂಥ ಊರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಕುಕ್ಕೆ ಸುಬ್ರಹ್ಮಣ್ಯ ಇಲ್ಲಿಂದ ದೂರವಿಲ್ಲ. ನಾಗಬನ, ದೈವಸ್ಥಾನ, ಮಸೀದಿ, ಕೇರಳದಿಂದ ಬಂದು ನೆಲೆಸಿದವರ ಇಗರ್ಜಿ ಎಲ್ಲವೂ ಈ ಸೀಮೆಯಲ್ಲಿವೆ. ಇವುಗಳಲ್ಲಿ ಹಲವು ಕಡೆ ಹೆಂಗಸಿನ ತಿಂಗಳ ಲೆಕ್ಕಕ್ಕೆ ಒಂದಲ್ಲ ಒಂದು ನಿಯಮವಿದೆ.

ಸಂಧಿಕಾಲದ ಮೊದಲ ಸೂಚನೆ ಕಾಣಿಸುವುದು ಆ ಲೆಕ್ಕದಲ್ಲೇ. ಇಪ್ಪತ್ತೆಂಟಕ್ಕೆ ತಪ್ಪದೆ ಆಗುತ್ತಿದ್ದದ್ದು ಒಮ್ಮೆ ಇಪ್ಪತ್ತೆರಡಕ್ಕೆ ಬರುತ್ತದೆ, ಇನ್ನೊಮ್ಮೆ ಮೂವತ್ತಾರಕ್ಕೆ ಹೋಗುತ್ತದೆ. ಒಂದು ಮುಟ್ಟಿನ ಅಂತರಕ್ಕೂ ಮುಂದಿನದರ ಅಂತರಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಸಂಧಿಕಾಲ ಶುರುವಾಗಿದೆ ಎಂದೂ, ಅರವತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಟ್ಟಾಗದಿದ್ದರೆ ಅದರ ಎರಡನೆಯ ಹಂತ ಬಂದಿದೆ ಎಂದೂ ವೈದ್ಯರು ಎಣಿಸುತ್ತಾರೆ. ಅಂಡಾಶಯದಲ್ಲಿ ಅಂಡಗಳು ಕಡಿಮೆಯಾಗುತ್ತಾ ಬಂದಂತೆ ಕೆಲವು ತಿಂಗಳು ಅಂಡ ಹೊರಬರುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಸಾಕಷ್ಟು ಉತ್ಪತ್ತಿಯಾಗದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ರಕ್ತ ತಡವಾಗಿ, ಹೆಚ್ಚಾಗಿ ಹೋಗುತ್ತದೆ. ಆದ್ದರಿಂದ ನಿಲ್ಲುವ ಮೊದಲು ಮುಟ್ಟು ಕಡಿಮೆಯಾಗುತ್ತದೆ ಎಂಬ ನಂಬಿಕೆ ಎಲ್ಲರ ವಿಷಯದಲ್ಲೂ ನಿಜವಲ್ಲ. ಎಷ್ಟೋ ಜನರಿಗೆ ಮೊದಲು ಹೆಚ್ಚಾಗುತ್ತದೆ. ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವಷ್ಟು ಹೋಗುವುದು, ದೊಡ್ಡ ಗಡ್ಡೆ ಬೀಳುವುದು, ವಾರ ದಾಟಿದರೂ ನಿಲ್ಲದಿರುವುದು, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ಬಳಿಕ ರಕ್ತ ಕಾಣುವುದು ವಯಸ್ಸಿನ ಸಹಜ ಲಕ್ಷಣವೆಂದು ಸುಮ್ಮನಿರುವಂಥವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮೊದಲೇ ರಕ್ತ ಕಡಿಮೆ ಇರುವವರ ಮೈಯಿಂದ ತಿಂಗಳು ತಿಂಗಳೂ ಇಷ್ಟು ಹೋದರೆ ಏದುಸಿರು, ತಲೆಸುತ್ತು ಬರುವುದು ಸಹಜ. ಅದನ್ನೂ ವಯಸ್ಸಾಯಿತೆಂಬ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಎರಡನೆಯ ಸೂಚನೆ ಬಿಸಿ ಏರುವುದು. ಕರಾವಳಿಯ ಕಡೆ ಇದನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಮಾರ್ಚಿನಿಂದ ಮೇವರೆಗೆ ಎಲ್ಲರಿಗೂ ಸೆಕೆ, ಎಲ್ಲರೂ ಬೆವರುತ್ತಾರೆ. ವ್ಯತ್ಯಾಸ ಇಷ್ಟು: ಸೆಕೆ ಹಗಲಿಡೀ ಇರುತ್ತದೆ, ಇದು ಕೆಲವೇ ನಿಮಿಷಗಳದ್ದು. ಎದೆಯಿಂದ ಹೊರಟು ಕುತ್ತಿಗೆ, ಕೆನ್ನೆ, ಕಿವಿಗೆ ಏರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಬೆವರಿ ರವಿಕೆ ತೊಯ್ದ ಮೇಲೆ ಮೈ ಥಣ್ಣಗಾಗಿ ನಡುಕ ಬರುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗಿದ್ದಾಗ ಒಬ್ಬಳು ಮಾತ್ರ ಹೊದಿಕೆ ಒದ್ದು ಎದ್ದು ಕೂತರೆ ಅದು ಹವೆಯ ಸೆಕೆಯಲ್ಲ. ಮೈಗೆ ಉಷ್ಣವಾಗಿದೆ ಎಂದು ಎಳನೀರು, ಪುನರ್ಪುಳಿ ಶರಬತ್ತು, ಮೆಂತೆ ನೀರು ಕೊಡುವುದು ಇಲ್ಲಿನ ರೂಢಿ. ಅದರಿಂದ ಕೆಡುಕಿಲ್ಲ, ಆದರೆ ಉಷ್ಣ ಎಂದು ಹೆಸರಿಟ್ಟ ಮೇಲೆ ಯಾರೂ ವಯಸ್ಸು ಕೇಳುವುದಿಲ್ಲ, ಮುಟ್ಟಿನ ಲೆಕ್ಕ ಕೇಳುವುದಿಲ್ಲ.

ಉಳಿದವು ಇನ್ನೂ ಮರೆಯಲ್ಲಿರುತ್ತವೆ. ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸಣ್ಣ ಮಾತಿಗೆ ಅಳು, ಕಾರಣವಿಲ್ಲದ ಭಯ, ಇಟ್ಟ ವಸ್ತು ಮರೆಯುವುದು, ಬೆಳಿಗ್ಗೆ ಬೆರಳು-ಮಂಡಿಗಳ ಬಿಗಿತ, ಉರಿಮೂತ್ರ, ಯೋನಿ ಒಣಗಿ ಸಂಭೋಗದಲ್ಲಿ ನೋವು. ಕೊನೆಯದನ್ನು ಗಂಡನ ಬಳಿ ಕೂಡ ಹೇಳದವರೇ ಹೆಚ್ಚು. ನಿದ್ದೆಯಿಲ್ಲದೆ, ಎದೆಬಡಿತ ಏರಿ, ಹೆದರಿ ಕೂತ ಹೆಂಗಸಿನ ವಿಷಯದಲ್ಲಿ ಈ ಸೀಮೆಯಲ್ಲಿ ನಾಗದೋಷವೋ ದೈವದ ಮುನಿಸೋ ಎಂದು ಪ್ರಶ್ನೆ ಇಡಿಸುವುದುಂಟು. ಮನೆಯವರಿಗೆ ಅದರಿಂದ ಸಮಾಧಾನ ಸಿಗುವುದಾದರೆ ಬೇಡ ಎನ್ನಬೇಕಿಲ್ಲ. ಆದರೆ ಅದೇ ವಾರ ಥೈರಾಯಿಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಬೇಕು, ಯಾಕೆಂದರೆ ಥೈರಾಯಿಡ್ ಏರುಪೇರಿನ ಲಕ್ಷಣಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ಮುಟ್ಟು ತಪ್ಪಿತೆಂದರೆ ಗರ್ಭದ ಪರೀಕ್ಷೆಯೂ ಬೇಕು. ಸಂಧಿಕಾಲದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಿರುತ್ತದೆಯೇ ಹೊರತು ಇಲ್ಲವಾಗಿರುವುದಿಲ್ಲ. 45 ದಾಟಿದವರಲ್ಲಿ ಋತುಬಂಧ ಹತ್ತಿರವಾಗಿದೆ ಎಂದು ತಿಳಿಯಲು ಸಾಮಾನ್ಯವಾಗಿ ಹಾರ್ಮೋನಿನ ಪರೀಕ್ಷೆ ಬೇಕಾಗುವುದಿಲ್ಲ. ಅದರ ಅಂಕಿ ವಾರದಿಂದ ವಾರಕ್ಕೆ ಏರಿ ಇಳಿಯುತ್ತದೆ. ತಿಂಗಳ ಲೆಕ್ಕ ಮತ್ತು ಹೆಂಗಸು ಹೇಳುವ ಮಾತೇ ಅದಕ್ಕಿಂತ ನಂಬಬಹುದಾದ ಆಧಾರ.

ದೇಹದ ಲಕ್ಷಣ ನೋಡಿ ಬಾಳಿನ ಘಟ್ಟ ಬದಲಾಯಿತೆಂದು ತಿಳಿಯುವುದು ಧರ್ಮಶಾಸ್ತ್ರಕ್ಕೆ ಹೊಸದೇನಲ್ಲ. ಮನುಸ್ಮೃತಿಯ ಆರನೆಯ ಅಧ್ಯಾಯ ಗೃಹಸ್ಥ ಯಾವಾಗ ವಾನಪ್ರಸ್ಥಕ್ಕೆ ಹೊರಡಬೇಕೆಂದು ಹೇಳುವುದು ಲಕ್ಷಣಗಳ ಮೂಲಕವೇ: ಚರ್ಮ ಸುಕ್ಕುಗಟ್ಟಿರಬೇಕು, ಕೂದಲು ನರೆತಿರಬೇಕು, ಮಗನಿಗೆ ಮಗ ಹುಟ್ಟಿರಬೇಕು. ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿಯೋ ಜೊತೆಗೆ ಕರೆದುಕೊಂಡೋ ಅವನು ಹೊರಡುತ್ತಾನೆ. ನರೆ ಮೂವತ್ತಕ್ಕೂ ಬರಬಹುದು, ಅರವತ್ತಕ್ಕೂ ಬಾರದಿರಬಹುದು. ಅಷ್ಟು ಅನಿಶ್ಚಿತವಾದ ಗುರುತನ್ನು ಗಂಡಸಿನ ಆಶ್ರಮಕ್ಕೆ ಹೊಸ್ತಿಲು ಮಾಡಿದ ಶಾಸ್ತ್ರ, ಹೆಂಗಸಿನ ಮೈಯಲ್ಲಿ ಎಲ್ಲರಿಗೂ ತಪ್ಪದೆ ಬರುವ ಗುರುತಿಗೆ ಆಶ್ರಮವನ್ನು ಇಡಲಿಲ್ಲ. ಹುಡುಗಿ ಮೈನೆರೆದಾಗ ಎಣ್ಣೆ, ಅರಿಸಿನ, ಹೂವು, ಹೊಸ ಸೀರೆ, ನೆಂಟರ ಊಟ ಇರುತ್ತದೆ. ಮುಟ್ಟು ನಿಂತಾಗ ಏನೂ ಇಲ್ಲ. ಸಮಾಜ ಹೆರುವ ಶಕ್ತಿಯ ಆರಂಭವನ್ನು ತನ್ನ ಸಂಗತಿಯೆಂದು ಎಣಿಸಿತು, ಅದರ ಮುಕ್ತಾಯವನ್ನು ಅವಳೊಬ್ಬಳ ಸಂಗತಿಯಾಗಿ ಬಿಟ್ಟಿತು. ಸಂಧಿಕಾಲದ ಲಕ್ಷಣಗಳ ಬಗ್ಗೆ ತಾಯಿಯಿಂದ ಮಗಳಿಗೆ ಮಾತು ದಾಟದಿರುವುದಕ್ಕೆ ಇದೂ ಒಂದು ಕಾರಣ.

ಆಯುರ್ವೇದ ಈ ವಿಷಯದಲ್ಲಿ ನೇರವಾಗಿದೆ. ಸುಶ್ರುತ ಸಂಹಿತೆ ರಜಸ್ಸು ಹನ್ನೆರಡರಿಂದ ಶುರುವಾಗಿ ಐವತ್ತಕ್ಕೆ ದೇಹ ಮಾಗಿದಾಗ ಕ್ಷಯಿಸುತ್ತದೆ ಎನ್ನುತ್ತದೆ. ಶುದ್ಧಿ-ಅಶುದ್ಧಿಯ ಮಾತು ಆ ವರ್ಣನೆಯಲ್ಲಿಲ್ಲ, ವಯಸ್ಸಿನ ಸಹಜ ಪರಿಣಾಮವೊಂದೇ ಇದೆ. ಮೈಲಿಗೆಯ ಕಾರಣ ಹೇಳುವ ಕಥೆ ಬೇರೆ ಕಡೆಯದು. ತೈತ್ತಿರೀಯ ಸಂಹಿತೆಯಲ್ಲಿ ಇಂದ್ರ ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆ ಹೊತ್ತುಕೊಳ್ಳುತ್ತಾನೆ. ಅದರಲ್ಲಿ ಭೂಮಿ, ಮರ, ಹೆಂಗಸರು ಮೂವರೂ ಒಂದೊಂದು ಪಾಲು ಪಡೆದು, ಪ್ರತಿಯಾಗಿ ಒಂದೊಂದು ವರ ಕೇಳುತ್ತಾರೆ. ಅಗೆದ ನೆಲ ಮತ್ತೆ ಕೂಡಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಹೆಂಗಸರಿಗೆ ಸಂತಾನವಾಗಲಿ. ಹೆಂಗಸಿನ ಪಾಲು ಮುಟ್ಟಾಗಿ ತೋರುತ್ತದೆ. ಈ ಕಥೆಯನ್ನು ಅದರ ಕೊನೆಯವರೆಗೆ ಯೋಚಿಸಿದರೆ, ತಪ್ಪು ಅವಳದಲ್ಲ. ಇನ್ನೊಬ್ಬನ ಪಾಪವನ್ನು ಹೊತ್ತವಳು ಅವಳು. ಮುಟ್ಟು ನಿಂತಾಗ ಆ ಪಾಲು ತೀರಿತೇ, ವರವೂ ಮುಗಿಯಿತೇ ಎಂಬುದನ್ನು ಕಥೆ ಹೇಳುವುದಿಲ್ಲ. ಇಂದ್ರನ ಹೊರೆಯನ್ನು ಮೂವತ್ತೈದು ವರ್ಷ ಹೊತ್ತು ಇಳಿಸಿದವಳಿಗೆ ಸಲ್ಲಬೇಕಾದದ್ದು ಗೌರವ ಎಂದು ಅದೇ ಕಥೆಯ ನ್ಯಾಯದಿಂದ ವಾದಿಸಬಹುದು. ಹಾಗೆ ವಾದಿಸಿದ ಧರ್ಮಶಾಸ್ತ್ರದ ನಿಬಂಧಕಾರರು ಪ್ರಸಿದ್ಧರಲ್ಲಿ ಸಿಗುವುದಿಲ್ಲ.

ಕಥೆಯಲ್ಲಿ ಪಾಲು ಪಡೆದ ಭೂಮಿಯನ್ನು ತುಳುನಾಡು ತನ್ನದೇ ರೀತಿಯಲ್ಲಿ ಕಂಡಿದೆ. ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ, ಮೂರು ದಿನ ಕೆಡ್ಡಸ. ಭೂಮಿ ಮುಟ್ಟಾಗಿದ್ದಾಳೆಂದು ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಹುರಿದ ಧಾನ್ಯಕ್ಕೆ ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೆರಿ ಮಾಡುತ್ತಾರೆ. ಕೊನೆಗೆ ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ ಬಿಟ್ಟು, ಅರಿಸಿನ-ಕುಂಕುಮ, ಸೀಗೆ ಇಟ್ಟು ಅವಳ ಮೀಯುವ ಶಾಸ್ತ್ರ ಮುಗಿಸುತ್ತಾರೆ. ಇಲ್ಲಿ ಮುಟ್ಟಿಗೆ ವಿಶ್ರಾಂತಿ ಮತ್ತು ಮರ್ಯಾದೆ ಎರಡೂ ಸಿಕ್ಕಿವೆ. ಆದರೆ ಭೂಮಿಗೆ ಋತುಬಂಧವಿಲ್ಲ. ಅವಳು ವರ್ಷ ವರ್ಷವೂ ಮುಟ್ಟಾಗುತ್ತಾಳೆ, ವರ್ಷ ವರ್ಷವೂ ಬೆಳೆಯುತ್ತಾಳೆ. ಹೆಂಗಸನ್ನು ಭೂಮಿಗೆ ಹೋಲಿಸಿ ಪೂಜಿಸುವ ಭಾವ ಎಷ್ಟು ಹಿರಿದಾದರೂ ಐವತ್ತು ದಾಟಿದವಳನ್ನು ಅದು ಒಳಗೊಳ್ಳದೆ ಉಳಿಯುತ್ತದೆ.

ದಿನದ ಬಾಳಿನಲ್ಲಿ ಮಾತ್ರ ಗೆರೆ ರಕ್ತದ ಮೇಲೆಯೇ ಬೀಳುತ್ತದೆ. ಹೊರಗೆ ಕೂರುವ ಪದ್ಧತಿ ಉಳಿದಿರುವ ಮನೆಗಳಲ್ಲಿ ಮೂರು ದಿನ ಅಡುಗೆಮನೆ, ದೇವರಕೋಣೆ ಇಲ್ಲ. ನಾಲ್ಕನೆಯ ದಿನ ಮಿಂದು ಒಳಗೆ. ಸಂಧಿಕಾಲದಲ್ಲಿ ಈ ಏರ್ಪಾಡು ಅಲ್ಲಾಡುತ್ತದೆ. ಹದಿನೈದು ದಿನಕ್ಕೊಮ್ಮೆ ಕಲೆ ಕಂಡರೆ ಪ್ರತಿ ಸಲವೂ ಹೊರಗೆ ಕೂರಬೇಕೇ? ಐದನೆಯ ದಿನವೂ ನಿಲ್ಲದಿದ್ದರೆ? ಪ್ರತಿ ಮನೆಯ ಹಿರಿಯರೂ ತಮ್ಮ ತಮ್ಮ ಉತ್ತರ ಕೊಡುತ್ತಾರೆ. ಇಂಥ ಮನೆಯ ಹೆಂಗಸರಿಗೆ ತಮ್ಮ ದಿನಗಳ ಲೆಕ್ಕ ಬಾಯಿಪಾಠ. ಹಬ್ಬ, ಶ್ರಾದ್ಧ, ತಂಬಿಲ, ಕೋಲ ಎಲ್ಲಕ್ಕೂ ಮೊದಲು ಆ ಲೆಕ್ಕ ಹಾಕಿಯೇ ಹಾಕುತ್ತಾರೆ. ಸಂಧಿಕಾಲವನ್ನು ಗುರುತಿಸಲು ವೈದ್ಯರು ಕೇಳುವುದು ಇದೇ ಲೆಕ್ಕವನ್ನು. ಮಡಿಗಾಗಿ ಮೂವತ್ತು ವರ್ಷ ಇಟ್ಟುಕೊಂಡ ಎಣಿಕೆ ಆರೋಗ್ಯಕ್ಕಾಗಿ ಒಂದು ದಿನವೂ ಬಳಕೆಯಾಗದೆ ಹೋಗುವುದು ದೊಡ್ಡ ನಷ್ಟ.

ಲೆಕ್ಕ ತಪ್ಪಿದಾಗ ಮೊರೆಹೋಗುವುದು ಮಾತ್ರೆಗೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರಕ್ಕೆ ಮೊದಲೇ ದಿನ ಗೊತ್ತು ಮಾಡಿರುತ್ತಾರೆ, ಸೇವೆ ಎರಡು ದಿನದ್ದು, ದೂರದ ನೆಂಟರೂ ಬಂದಿರುತ್ತಾರೆ. ಮುಟ್ಟು ಯಾವಾಗ ಆಗುತ್ತದೋ ಹೇಳಲಾಗದ ಹೆಂಗಸು ಮುಂಜಾಗ್ರತೆಯೆಂದು ಮೆಡಿಕಲ್ ಶಾಪಿನಿಂದ ಮುಂದೂಡುವ ಮಾತ್ರೆ ತರಿಸುತ್ತಾಳೆ. ಅದು ನೊರೆಥಿಸ್ಟರಾನ್. ಮುಟ್ಟಿಗೆ ಮೂರು ದಿನ ಮೊದಲು ಶುರುಮಾಡಿ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುವ ಲೆಕ್ಕ ಅದರದ್ದು. ಮುಟ್ಟೇ ಅನಿಶ್ಚಿತವಾಗಿರುವವಳಿಗೆ ಆ ಮೂರು ದಿನ ಮೊದಲು ಯಾವುದು? ನಲವತ್ತೈದು ದಾಟಿದ ಮೈಯಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವೋ, ಲಿವರಿನ ತೊಂದರೆಯೋ, ಕಾರಣ ಗೊತ್ತಿಲ್ಲದ ರಕ್ತಸ್ರಾವವೋ ಇದ್ದರೆ ಈ ಮಾತ್ರೆ ಅಪಾಯ ತರಬಹುದು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ನುಂಗುತ್ತಾ ಹೋದರೆ ದೇಹ ಕೊಡುತ್ತಿರುವ ಸೂಚನೆಯೂ ಕಲಸಿಹೋಗುತ್ತದೆ. ದೇವರ ಮುಂದೆ ಶುದ್ಧಳಾಗಿ ನಿಲ್ಲಬೇಕೆಂಬ ಶ್ರದ್ಧೆಗೆ ಹೀಗೆ ಬೆಲೆ ಕಟ್ಟುವಂತಾಗುವುದು ನೋವಿನ ಸಂಗತಿ.

ವಯಸ್ಸಿನ ಮೇಲೆ ಗೆರೆ ಎಳೆದ ಪ್ರಸಿದ್ಧ ಉದಾಹರಣೆ ಶಬರಿಮಲೆ. ದಕ್ಷಿಣ ಕನ್ನಡದಿಂದ ಮಾಲೆ ಹಾಕಿ ಹೋಗುವವರು ಬಹಳ. 1991ರಲ್ಲಿ ಕೇರಳ ಹೈಕೋರ್ಟು ಹತ್ತಕ್ಕಿಂತ ಹೆಚ್ಚು, ಐವತ್ತಕ್ಕಿಂತ ಕಡಿಮೆ ವಯಸ್ಸಿನ ಹೆಂಗಸರನ್ನು ಬಿಡಕೂಡದೆಂದು ದೇವಸ್ವಂ ಮಂಡಳಿಗೆ ಹೇಳಿತು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಲ್ಲಿ ಆ ನಿಷೇಧವನ್ನು ತೆಗೆಯಿತು. ಭಿನ್ನಮತ ಬರೆದವರು ಪೀಠದ ಏಕೈಕ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಮರುಪರಿಶೀಲನೆಯ ಅರ್ಜಿಗಳು ಬಂದು 2019ರ ನವೆಂಬರಿನಲ್ಲಿ ಮೂಲ ಪ್ರಶ್ನೆಗಳು ದೊಡ್ಡ ಪೀಠಕ್ಕೆ ಹೋದವು. ಕಾನೂನಿನ ಮಾತು ಹಾಗಿರಲಿ, ಈ ವಿಷಯಕ್ಕೆ ಬೇಕಾದದ್ದು ಐವತ್ತೆಂಬ ಅಂಕಿ. ನಲವತ್ಮೂರಕ್ಕೆ ಮುಟ್ಟು ನಿಂತವಳು ಆ ಗೆರೆಯ ಹೊರಗೆ, ಐವತ್ತೆರಡಕ್ಕೂ ಮುಟ್ಟಾಗುತ್ತಿರುವವಳು ಒಳಗೆ. ನಿಷೇಧದ ಪರ ವಾದಿಸಿದವರು ಮುಟ್ಟಿಗಿಂತ ಸ್ವಾಮಿಯ ನೈಷ್ಠಿಕ ಬ್ರಹ್ಮಚರ್ಯವನ್ನೇ ಮುಂದಿಟ್ಟರು. ಅಂದರೆ ಅಲ್ಲಿನ ಕಾರಣ ರಕ್ತವಲ್ಲ, ಹೆರುವ ಪ್ರಾಯ. ಸುಶ್ರುತ ಹೇಳಿದ ಐವತ್ತು ದೇಹದ ವರ್ಣನೆಯಾಗಿತ್ತು. ಇಲ್ಲಿ ಅದೇ ಅಂಕಿ ಬಾಗಿಲಾಯಿತು.

ಸಂಶಯದ ಸ್ಥಿತಿಯನ್ನೇ ಹೆಸರಿಸಿ ನಿಯಮ ಮಾಡಿದ ಗ್ರಂಥ ಕುರಾನ್. ವಿಚ್ಛೇದಿತೆಯ ಕಾಯುವ ಅವಧಿಯಾದ ಇದ್ದತ್ತನ್ನು ಸಾಮಾನ್ಯವಾಗಿ ಮುಟ್ಟಿನ ಸುತ್ತುಗಳಿಂದ ಎಣಿಸುತ್ತಾರೆ. 65ನೆಯ ಅಧ್ಯಾಯ, ಮುಟ್ಟಿನ ಆಸೆ ಬಿಟ್ಟವರ ವಿಷಯದಲ್ಲಿ ಸಂಶಯವಿದ್ದರೆ ಮೂರು ತಿಂಗಳು ಎಂದು ಗೊತ್ತುಮಾಡುತ್ತದೆ. ಕರಾವಳಿಯ ಬ್ಯಾರಿ ಮುಸ್ಲಿಮರು ಹೆಚ್ಚಾಗಿ ಅನುಸರಿಸುವ ಶಾಫಿ ಪಂಥದಲ್ಲಿ ಮುಟ್ಟಿನ ಗರಿಷ್ಠ ಅವಧಿ ಹದಿನೈದು ದಿನ. ಆ ಮೇರೆ ಮೀರಿ ಹರಿಯುವ ರಕ್ತಕ್ಕೆ ಇಸ್ತಿಹಾದ ಎಂಬ ಬೇರೆಯೇ ವಿಭಾಗವಿದೆ: ಅದು ಮುಟ್ಟಲ್ಲ, ಅಸ್ವಸ್ಥತೆ, ಶುಚಿ ಮಾಡಿಕೊಂಡು, ನಮಾಜಿಗೆ ಮುಂಚಿನ ಅಂಗಶುದ್ಧಿಯಾದ ವುಝೂ ಮಾಡಿ ನಮಾಜು ಮಾಡಬೇಕು, ಉಪವಾಸ ಹಿಡಿಯಬೇಕು. ಸಂಧಿಕಾಲದ ಏರುಪೇರಿಗೆ ಒಪ್ಪುವ ವಿಚಾರ ಇದು. ಎಲ್ಲ ರಕ್ತವೂ ಒಂದೇ ಅಲ್ಲ, ಕೆಲವು ರೋಗದ ಗುರುತು ಎಂಬುದನ್ನು ಧಾರ್ಮಿಕ ನಿಯಮವೇ ಒಪ್ಪಿಕೊಂಡಿದೆ. ಬೈಬಲಿನಲ್ಲೂ ಯಾಜಕಕಾಂಡದ ಹದಿನೈದನೆಯ ಅಧ್ಯಾಯ ಮುಟ್ಟನ್ನೂ ಅಕಾಲದ ರಕ್ತಸ್ರಾವವನ್ನೂ ಬೇರೆ ಬೇರೆ ಹೇಳಿ ಎರಡಕ್ಕೂ ಅಶುದ್ಧಿಯನ್ನೇ ವಿಧಿಸುತ್ತದೆ. ಹನ್ನೆರಡು ವರ್ಷ ರಕ್ತ ನಿಲ್ಲದ ಹೆಂಗಸು ಜನಸಂದಣಿಯಲ್ಲಿ ಯೇಸುವಿನ ಬಟ್ಟೆ ಮುಟ್ಟಿದ ಪ್ರಸಂಗದ ತೂಕ ಆ ಹಿನ್ನೆಲೆಯಲ್ಲಿ ತಿಳಿಯುತ್ತದೆ; ಅವಳು ವೈದ್ಯರ ಬಳಿ ಅಲೆದು ಕೈಯಲ್ಲಿದ್ದದ್ದೆಲ್ಲ ಕಳೆದುಕೊಂಡಿದ್ದಳೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಆದಿಕಾಂಡ ಸಾರಳ ಮುಟ್ಟು ನಿಂತಿತ್ತೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತದೆ. ಆದರೆ ಅಲ್ಲಿಯೂ ಅದು ಬರುವುದು ಮಗ ಹುಟ್ಟುವ ಪವಾಡಕ್ಕೆ ಪೀಠಿಕೆಯಾಗಿ.

ಗೆರೆಯನ್ನೇ ಅಳಿಸಿದವರು ಕನ್ನಡ ನಾಡಿನ ಶರಣರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ಸಾರಿದರು. ಇಷ್ಟಲಿಂಗ ದಿನವೂ ಮೈಮೇಲೆ ಇರುವಾಗ, ತಿಂಗಳಿಗೆ ಮೂರು ದಿನ ಅದನ್ನು ದೂರವಿಡುವುದಾದರೆ ಅಂಗ-ಲಿಂಗ ಸಂಬಂಧಕ್ಕೆ ಅರ್ಥವೇ ಇರುವುದಿಲ್ಲ. ಈ ತತ್ವದಲ್ಲಿ ಮುಟ್ಟು ನಿಂತಿತೇ ಇಲ್ಲವೇ ಎಂಬುದು ಧಾರ್ಮಿಕ ಪ್ರಶ್ನೆಯಾಗಿ ಉಳಿಯುವುದೇ ಇಲ್ಲ. ಅದು ಆರೋಗ್ಯದ ಮಾತಾಗುತ್ತದೆ. ಆಚರಣೆಯಲ್ಲಿ ಎಲ್ಲ ಮನೆಗಳೂ ಇದನ್ನು ಉಳಿಸಿಕೊಂಡಿಲ್ಲ ಎಂಬುದು ನಿಜ, ಆದರೂ ರಕ್ತ, ವಯಸ್ಸು, ಹೆರುವ ಶಕ್ತಿ ಎಂಬ ಮೂರು ಉತ್ತರಗಳ ಆಚೆಗೆ ನಾಲ್ಕನೆಯದೊಂದು ಇದೇ ನೆಲದಲ್ಲಿ ಹುಟ್ಟಿತ್ತು.

ಮುಟ್ಟು ನಿಂತ ಮೇಲಿನ ಬಾಳಿಗೆ ವಿಧಿಯೊಂದು ಇದ್ದೇ ಇದೆ ಎನ್ನುವುದಾದರೆ ಅದು ಋಷಿಪಂಚಮಿಯ ಉದ್ಯಾಪನೆ. ಗಣೇಶ ಚೌತಿಯ ಮರುದಿನದ ಈ ವ್ರತವನ್ನು ಹಲವು ಮನೆಗಳಲ್ಲಿ ಮುಟ್ಟು ನಿಂತ ಹೆಂಗಸರು ಹಿಡಿದು ಮುಗಿಸುತ್ತಾರೆ. ಎತ್ತು ಉತ್ತ ನೆಲದ ಧಾನ್ಯ ತಿನ್ನದೆ, ಅರುಂಧತಿಸಮೇತ ಸಪ್ತರ್ಷಿಗಳನ್ನು ಪೂಜಿಸುತ್ತಾರೆ. ಬಾಳಿನ ಈ ಘಟ್ಟವನ್ನು ಗುರುತಿಸಿದ ಅಪರೂಪದ ವ್ರತವೆಂದು ಅದರ ಮೇಲೆ ಗೌರವ ಮೂಡುತ್ತದೆ. ಆದರೆ ವ್ರತದ ಉದ್ದೇಶ ಮುಟ್ಟಿನ ದಿನಗಳಲ್ಲಿ ಅರಿಯದೆ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ. ಅಂಥ ತಪ್ಪಿಗಾಗಿ ಹೆಂಗಸೊಬ್ಬಳು ನಾಯಿಯಾಗಿ ಹುಟ್ಟಿದ ಕಥೆಯನ್ನು ಓದುತ್ತಾರೆ. ಹೆತ್ತು, ಸಾಕಿ, ಮೊಮ್ಮಕ್ಕಳನ್ನು ಕಂಡವಳ ಮುಂದೆ ಕೃತಜ್ಞತೆಯ ಬದಲು ಕ್ಷಮಾಪಣೆ ಇಟ್ಟಿರುವುದು ಸರಿಯೆನಿಸುವುದಿಲ್ಲ. ಅರುಂಧತಿಯ ಪೂಜೆಯನ್ನು ಉಳಿಸಿಕೊಂಡು ಆ ಕಥೆಯನ್ನು ಬಿಟ್ಟರೆ ವ್ರತಕ್ಕೆ ಕೊರತೆಯಾಗದು.

ಹೆರುವುದು ನಿಂತ ಮೇಲೂ ದಶಕಗಟ್ಟಲೆ ಬದುಕುವ ಹೆಣ್ಣು ಪ್ರಾಣಿಜಗತ್ತಿನಲ್ಲಿ ಅಪರೂಪ. ಮನುಷ್ಯರ ಜೊತೆ ಓರ್ಕಾದಂಥ ಕೆಲವು ತಿಮಿಂಗಿಲ ಜಾತಿಗಳಲ್ಲಿ ಇದು ಕಂಡುಬಂದಿದೆ. ತಾಂಜಾನಿಯಾದ ಹಾಡ್ಜಾ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಕ್ರಿಸ್ಟೆನ್ ಹಾಕ್ಸ್, ಅಜ್ಜಿಯರು ಅಗೆದು ತರುವ ಗೆಡ್ಡೆಗಳಿಂದ ಮೊಮ್ಮಕ್ಕಳು ಬದುಕಿ ಉಳಿದದ್ದೇ ಇದಕ್ಕೆ ಕಾರಣವೆಂದು ವಾದಿಸಿದರು. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಆದರೂ ಹೆರುವ ಶಕ್ತಿಯ ಮೇಲೆಯೇ ಹೆಂಗಸಿನ ಬೆಲೆ ನಿಂತಿದೆ ಎಂಬ ಹಳೆಯ ಎಣಿಕೆಗೆ ಅದು ಬಲವಾದ ಉತ್ತರ.

ಗೆರೆಗಳೆಲ್ಲ ತಡವರಿಸುವ ಜಾಗ ಗರ್ಭಕೋಶ ತೆಗೆಸಿಕೊಂಡವರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅದೇ ಐದನೆಯ ಸುತ್ತಿನಂತೆ 15–49ರ ಹೆಂಗಸರಲ್ಲಿ ಶೇ. 3.3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ರಕ್ತವೇ ಮೈಲಿಗೆಯ ಕಾರಣವಾದರೆ ಮೂವತ್ತೈದರ ಅವಳಿಗೆ ಇನ್ನು ಯಾವ ನಿಷೇಧವೂ ಇಲ್ಲ; ವಯಸ್ಸು ಕಾರಣವಾದರೆ ಇನ್ನೂ ಹದಿನೈದು ವರ್ಷ ಇದೆ; ಹೆರುವ ಶಕ್ತಿ ಕಾರಣವಾದರೆ ಅದು ಮುಗಿದಿದೆ. ತಿಂಗಳ ತಾಪತ್ರಯ ತಪ್ಪಿತೆಂದು ನೆಮ್ಮದಿಪಡುವವರೂ ಇದ್ದಾರೆ. ಅಂಡಾಶಯ ಉಳಿದಿದ್ದರೆ ದೇಹದ ಋತುಬಂಧ ಇನ್ನೂ ಮುಂದಿದೆ, ಆದರೆ ಗುರುತಿಸಲು ಮುಟ್ಟಿನ ಲೆಕ್ಕವಿರುವುದಿಲ್ಲ. ಬಿಸಿ ಏರುವುದು, ನಿದ್ದೆ ಕೆಡುವುದು ಇವೇ ಸೂಚನೆ. ಅಂಡಾಶಯವನ್ನೂ ತೆಗೆದಿದ್ದರೆ ಸಂಧಿಕಾಲವೇ ಇಲ್ಲದೆ ಎಲ್ಲ ಲಕ್ಷಣಗಳೂ ಒಮ್ಮೆಲೇ ಎರಗುತ್ತವೆ, ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಇಂಥವರಿಗೆ ಸಾಮಾನ್ಯವಾಗಿ ಋತುಬಂಧದ ಸಹಜ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆಯನ್ನು ವೈದ್ಯರು ಸೂಚಿಸುತ್ತಾರೆ. ಆಪರೇಷನ್ನಿನಲ್ಲಿ ಏನೇನು ತೆಗೆದರೆಂಬ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ.

ಇನ್ನೊಂದು ಸ್ಥಿತಿಯಲ್ಲಿ ಮಡಿಯ ಯೋಚನೆ ನೇರವಾಗಿ ಜೀವಕ್ಕೆ ಎರವಾಗಬಹುದು. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡರೆ, ಮುಟ್ಟು ತಿರುಗಿ ಬಂತೆಂದು ಹೆಂಗಸು ಸದ್ದಿಲ್ಲದೆ ಹೊರಗೆ ಕೂರುತ್ತಾಳೆ, ಮೊಮ್ಮಕ್ಕಳ ಮುಂದೆ ನಾಚಿಕೆಯಾಗಿ ಅದನ್ನೂ ಮುಚ್ಚಿಡುತ್ತಾಳೆ. ಅದು ಮುಟ್ಟಲ್ಲ. ಹೆಚ್ಚಿನ ಸಲ ಕಾರಣ ಒಳಪದರ ತೆಳುವಾಗಿರುವುದೋ ಸಣ್ಣ ದುರ್ಮಾಂಸವೋ ಆಗಿರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಗುರುತು, ಬೇಗ ಕಂಡುಹಿಡಿದರೆ ಗುಣವಾಗುವಂಥದು. ಒಂದೇ ಒಂದು ಸಲ, ಒಂದು ಚುಕ್ಕೆಯಷ್ಟು ಕಂಡರೂ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ಸ್ಕ್ಯಾನಿಂಗಿನಲ್ಲಿ ಒಳಪದರದ ದಪ್ಪ ಅಳೆದು, ಬೇಕಾದರೆ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಎಲ್ಲ ರಕ್ತವೂ ಮುಟ್ಟಲ್ಲ ಎಂಬ ಇಸ್ತಿಹಾದದ ವಿಚಾರ ಇಲ್ಲಿಯೂ ನೆನಪಿಗೆ ಬರಬೇಕು. ಹೊರಗೆ ಕೂರುವ ಮನೆಗಳಲ್ಲಿ ಇಂಥ ರಕ್ತಕ್ಕೆ ಬೇರೆ ಹೆಸರಿಲ್ಲ. ಹೊರಗೆ ಕೂರಿಸುವ ಹಿರಿಯರೇ ಇದನ್ನು ಮೈಲಿಗೆಯ ಲೆಕ್ಕದಿಂದ ತೆಗೆದು ಕಾಯಿಲೆಯ ಲೆಕ್ಕಕ್ಕೆ ಹಾಕಿದರೆ ಆಸ್ಪತ್ರೆಗೆ ಹೋಗುವುದು ಮೂರು ತಿಂಗಳು ತಡವಾಗುವುದಿಲ್ಲ.